ಎಲೆಯೊಳಗಿನ ನೆಂಟರು

ನಮ್ಮ ಕಡೆ ಮದುವೆಮನೆಯಲ್ಲಿ ಹಿರಿಯರು ಹೆಣ್ಣನ್ನು ಹರಸುವಾಗ, ಮರಕ್ಕೆ ಬಳ್ಳಿ ಹಬ್ಬಿದ ಹಾಗೆ ಬಾಳು ಎನ್ನುವುದುಂಟು. ನನ್ನನ್ನೂ ಹಾಗೆಯೇ ಹರಸಿದ್ದರು. ಮರ ಯಾರು, ಬಳ್ಳಿ ಯಾರು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಬೀಳುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ತಿಂಗಳ ಸಂಬಳ ಮನೆಗೆ ತರುತ್ತಿರುವ ನನ್ನಂಥ ಬಳ್ಳಿಗಳು ಈಗ ಊರಿಗೆ ಹತ್ತಾರು ಇದ್ದರೂ ಹರಸುವ ಮಾತು ಮಾತ್ರ ಬದಲಾಗಿಲ್ಲ. ಇರಲಿ, ಅದನ್ನು ಇನ್ನೊಮ್ಮೆ ಬರೆದೇನು. ಇಲ್ಲಿ ನಾನು ಹೇಳಹೊರಟಿರುವುದು ನಿಜವಾದ ಮರ, ನಿಜವಾದ ಬಳ್ಳಿ ಮತ್ತು ಅವೆರಡರ ಒಳಗೂ ಕಣ್ಣಿಗೆ ಬೀಳದೆ ಕುಳಿತಿರುವ ಮೂರನೆಯವರ ವಿಷಯ.

ನನ್ನ ತವರುಮನೆಯ ಹಿತ್ತಿಲಲ್ಲಿ ಹಳೆಯದೊಂದು ಮಾವಿನ ಮರವಿದೆ. ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ. ಮಾವು ಕಡಿಮೆ ಬಿಟ್ಟ ವರ್ಷವೆಲ್ಲ ಅಮ್ಮ ಬಳ್ಳಿಯನ್ನು ಬೈಯುತ್ತಿದ್ದಳು, ಮರದ ಸಾರವನ್ನೆಲ್ಲ ಇದೇ ಹೀರುತ್ತದೆ ಎಂದು. ಪಾಪ, ಮೆಣಸಿನ ಬಳ್ಳಿ ಹೀರುವುದಿಲ್ಲ. ಅದರ ಗಿಣ್ಣುಗಳಲ್ಲಿ ಮೂಡುವ ಸಣ್ಣ ಬೇರುಗಳು ತೊಗಟೆಯನ್ನು ಹಿಡಿದುಕೊಳ್ಳುವುದಕ್ಕೆ ಮಾತ್ರ. ಅದರ ಊಟವೆಲ್ಲ ತನ್ನ ಸ್ವಂತ ಬುಡದಿಂದಲೇ. ಸಾರ ಹೀರುವ ಬಂದಳಿಕೆ ಅದೇ ಮರದ ಮೇಲಿನ ಕೊಂಬೆಯಲ್ಲಿ ಹಸಿರಾಗಿ ಕುಳಿತಿತ್ತು. ಹಕ್ಕಿ ತಂದು ಹಾಕಿದ ಬೀಜದಿಂದ ಹುಟ್ಟಿ, ಕೊಂಬೆಯೊಳಗೇ ಬೇರು ಇಳಿಸಿ, ಮರದ್ದೇ ಎಲೆಯೇನೋ ಎನ್ನುವಂತೆ ತೂಗುತ್ತಿತ್ತು. ಅದರ ಮೇಲೆ ಅಮ್ಮನಿಗೆ ಅನುಮಾನವಿರಲಿಲ್ಲ. ಕಣ್ಣೆದುರು ಮರವನ್ನು ತಬ್ಬಿಕೊಂಡದ್ದು ಕಳ್ಳನಾಯಿತು, ಒಳಗೆ ಹೊಕ್ಕು ಕುಳಿತದ್ದು ಮನೆಯವನಾಯಿತು.

ಈ ಲೆಕ್ಕವೂ ಪೂರ್ತಿಯಲ್ಲ ಎಂದು ತಿಳಿದದ್ದು ಕೆಲವು ವರ್ಷಗಳ ಹಿಂದೆ. ನಾನು ಬಿ.ಎ. ಓದಿದವಳು, ಕನ್ನಡ ಮತ್ತು ಸಮಾಜ ಕಲಿಸುವವಳು. ನನ್ನ ವಿಜ್ಞಾನ ಹೈಸ್ಕೂಲಿಗೇ ಮುಗಿಯಿತು. ತಮ್ಮನ ಮಗಳು ಎಂ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ತೆಗೆದುಕೊಂಡಿದ್ದಳು. ಕಾಲೇಜಿನ ಪ್ರಾಜೆಕ್ಟಿಗೆಂದು ಹಿತ್ತಿಲ ಮಾವಿನ ಎಲೆ, ಮೆಣಸಿನ ಎಲೆ ಎರಡನ್ನೂ ಚೀಲದಲ್ಲಿ ತುಂಬಿಕೊಂಡು ಹೋದಳು. ರೋಗದ ಎಲೆ ಬೇಡ, ಆರೋಗ್ಯವಾದದ್ದೇ ಬೇಕು ಎಂದು ಆರಿಸಿ ಆರಿಸಿ ಕಿತ್ತಳು. ಸ್ಪಿರಿಟ್ಟಿನಲ್ಲಿ, ಬ್ಲೀಚಿಂಗ್ ದ್ರಾವಣದಲ್ಲಿ ಎಲೆಯ ಹೊರಮೈ ತೊಳೆದು, ಚೂರು ಮಾಡಿ, ಅಗರ್ ಹಾಕಿದ ಗಾಜಿನ ತಟ್ಟೆಗಳಲ್ಲಿ ಇಟ್ಟಿದ್ದಳಂತೆ. ವಾರದ ಮೇಲೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಒಂದೊಂದು ಚೂರಿನ ಕತ್ತರಿಸಿದ ಅಂಚಿನಿಂದ ಬೂಷ್ಟು ಹೊರಟಿತ್ತು. ಬಿಳಿ ಹತ್ತಿಯಂಥದ್ದು, ಬೂದಿ ಬಣ್ಣದ್ದು, ಕಪ್ಪು ಚುಕ್ಕೆಯದ್ದು. ಹೊರಗಿನಿಂದ ಬಂದದ್ದಲ್ಲ, ಹೊರಮೈಯನ್ನು ತೊಳೆದಾಗಿತ್ತು. ಒಂದು ಕಲೆಯೂ ಇಲ್ಲದ ಎಲೆಯ ಒಳಗಿಂದ ಇಷ್ಟೂ ಎದ್ದು ಬಂದಿದ್ದವು.

ಇವಕ್ಕೆ ಎಂಡೋಫೈಟ್ ಎಂದು ಹೆಸರು, ಗಿಡದ ಒಳಗಿರುವುದು ಎಂದರ್ಥ. ಇದುವರೆಗೆ ಪರೀಕ್ಷಿಸಿದ ಹೆಚ್ಚುಕಡಿಮೆ ಎಲ್ಲ ಗಿಡಮರಗಳಲ್ಲೂ ಇವು ಸಿಕ್ಕಿವೆ. ಉಷ್ಣವಲಯದ ಮರಬಳ್ಳಿಗಳಲ್ಲಿ ಇವು ಸಾಮಾನ್ಯವಾಗಿ ಬೀಜದ ಮೂಲಕ ಬರುವುದಿಲ್ಲ. ಚಿಗುರುವಾಗ ಎಲೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಗಾಳಿಯಲ್ಲಿ, ಮಳೆಹನಿಯಲ್ಲಿ ಬೀಜಕಣಗಳು ಬಂದು ಕೂರುತ್ತವೆ. ಇಬ್ಬನಿಯ ಪಸೆಯಲ್ಲಿ ಮೊಳೆತು, ಪತ್ರರಂಧ್ರದಿಂದಲೋ ಮೈಯನ್ನೇ ಕೊರೆದೋ ಒಳಸೇರಿ, ಜೀವಕೋಶಗಳ ನಡುವೆ ಅಂಗೈಯಗಲವೂ ಅಲ್ಲ, ಸಾಸಿವೆಯಷ್ಟೂ ಅಲ್ಲದ ಜಾಗದಲ್ಲಿ ಬಿಡಾರ ಹೂಡುತ್ತವೆ. ಎಲೆ ಬಲಿತಂತೆ ನೆಂಟರು ಹೆಚ್ಚುತ್ತಾರೆ. ಮರದ ಎಲೆಗೂ ಬಳ್ಳಿಯ ಎಲೆಗೂ ಬೀಳುವುದು ಒಂದೇ ಗಾಳಿ, ಒಂದೇ ಮಳೆ. ಆದರೂ ಒಳಗೆ ಬಿಟ್ಟುಕೊಳ್ಳುವುದರಲ್ಲಿ ಎರಡಕ್ಕೂ ತಮ್ಮ ತಮ್ಮ ಆಯ್ಕೆಯಿದೆ. ಸೊಸೆಯ ತಟ್ಟೆಗಳಲ್ಲಿ ಕೆಲವು ಬೂಷ್ಟು ಮಾವಿಗೆ ಮಾತ್ರ, ಕೆಲವು ಮೆಣಸಿಗೆ ಮಾತ್ರ ಮೀಸಲು. ಕೆಲವು ಎರಡೂ ಮನೆಗೆ ಬಳಕೆಯವರು. ಹಾಗೆ ಎರಡರಲ್ಲೂ ಸಿಕ್ಕ ಒಂದರ ಹೆಸರು ಕೊಲೆಟೋಟ್ರೈಕಮ್.

ಈ ಹೆಸರು ನಿಮಗೆ ಗೊತ್ತಿಲ್ಲದಿದ್ದರೂ ಅದರ ಕೆಲಸ ಗೊತ್ತು. ಚೆನ್ನಾಗಿದೆಯೆಂದು ತಂದ ಮಾವಿನಕಾಯಿ ಹುಲ್ಲಿನಲ್ಲಿಟ್ಟು ಹಣ್ಣಾಗುವ ಹೊತ್ತಿಗೆ ಮೈತುಂಬ ಕಪ್ಪು ಚುಕ್ಕೆ ಬಂದಿರುತ್ತದಲ್ಲ, ಅದು ಇದರದ್ದೇ. ಬುಟ್ಟಿಯಲ್ಲಿ ಹತ್ತಿದ್ದು ಎಂದುಕೊಳ್ಳುತ್ತೇವೆ. ಬಹಳ ಸಲ ಹೂವಾಗಿದ್ದಾಗಲೋ ಮಿಡಿಯಾಗಿದ್ದಾಗಲೋ ಬಂದು ಸಿಪ್ಪೆಯಲ್ಲಿ ಕೂತಿರುತ್ತದೆ. ಕಾಯಿ ಗಟ್ಟಿಯಿರುವ ತನಕ ಸುಮ್ಮನಿದ್ದು, ಹಣ್ಣಾಗಿ ಮೆತ್ತಗಾದಾಗ ಎದ್ದೇಳುತ್ತದೆ. ಮೆಣಸಿನ ಬಳ್ಳಿಯಲ್ಲೂ ಎಲೆಚುಕ್ಕೆ ತಂದು, ಕಾಳನ್ನು ಜೊಳ್ಳು ಮಾಡುವುದುಂಟು. ಹಾಗಿದ್ದರೆ ಸೊಸೆ ಆರಿಸಿ ತೆಗೆದ ಆ ನಿಷ್ಕಳಂಕ ಎಲೆಯೊಳಗೆ ಅದು ಏನು ಮಾಡುತ್ತಿತ್ತು?

“ಏನೂ ಮಾಡ್ತಿರ್ಲಿಲ್ಲ ಅತ್ತೆ, ಸುಮ್ನೆ ಇತ್ತು” ಎಂದಳು ಹುಡುಗಿ.

“ಹಾಗಾದ್ರೆ ಅದು ಒಳ್ಳೇದೋ ಕೆಟ್ಟದ್ದೋ?”

“ಅದಕ್ಕೆ ಹಾಗೆ ಒಂದೇ ಉತ್ತರ ಇಲ್ಲ. ಯಾರ ಮನೇಲಿದೆ, ಆ ಮನೆ ಈಗ ಹೇಗಿದೆ ಅಂತ ಕೇಳ್ಬೇಕು.”

ಮೂವತ್ತರ ಒಳಗಿನವರು ಇಂಥ ಮಾತನ್ನು ಎಷ್ಟು ಹಗುರವಾಗಿ ಹೇಳಿಬಿಡುತ್ತಾರೆ! ನನಗೆ ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅದಕ್ಕೆ ಕಾರಣ ಬೇರೆ ಇತ್ತು, ಮುಂದೆ ಹೇಳುತ್ತೇನೆ.

ಎಂಡೋಫೈಟ್ ಎಂಬ ಮಾತನ್ನು 1866ರಲ್ಲಿ ಬಳಸಿದವನು ಜರ್ಮನಿಯ ಆಂಟನ್ ಡಿ ಬಾರಿ. ಆಲೂಗೆಡ್ಡೆಯ ಅಂಗಮಾರಿಯನ್ನು ಅಭ್ಯಾಸ ಮಾಡಿದವನೂ ಅವನೇ. ಅದನ್ನು ತರುವ ಜೀವಿಯ ಕುಲಕ್ಕೆ ಫೈಟಾಫ್ತೊರ, ಅಂದರೆ ಸಸ್ಯನಾಶಕ, ಎಂದು 1876ರಲ್ಲಿ ಹೆಸರಿಟ್ಟ. ನಮ್ಮ ಅಡಿಕೆಯ ಕೊಳೆರೋಗ, ಮೆಣಸಿನ ಸೊರಗು ರೋಗ ಎರಡೂ ಆ ಕುಲದವೇ. (ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಕೊಳೆರೋಗದ ಮೇಲೆ ಬರೆದಿದ್ದರು. ಈಗಿನ ವರ್ಗೀಕರಣದಲ್ಲಿ ಈ ಕುಲ ನಿಜವಾದ ಶಿಲೀಂಧ್ರಗಳ ಸಾಲಿಗೆ ಸೇರುವುದಿಲ್ಲ, ಆದರೆ ತೋಟದವರಿಗೆ ಅದರಿಂದೇನೂ ವ್ಯತ್ಯಾಸವಾಗಿಲ್ಲ.) ಹೀಗೆ ನಾಶಕನೆಂಬ ಹೆಸರಿಟ್ಟ ಮನುಷ್ಯನೇ ಮೂರು ವರ್ಷದ ಮೇಲೆ, 1879ರಲ್ಲಿ, ಸಿಂಬಯೋಸಿಸ್ ಎಂಬ ಮಾತಿಗೆ ಅರ್ಥ ಕಟ್ಟಿಕೊಟ್ಟ. ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬದುಕುವುದು ಎಂದಷ್ಟೇ ಅವನ ಅರ್ಥ. ಅದರಲ್ಲಿ ಉಪಕಾರಿಯೂ ಸೇರಿದ, ಹೀರುವವನೂ ಸೇರಿದ. ನಾವು ಅದನ್ನು ಕನ್ನಡಕ್ಕೆ ತಂದು ಸಹಜೀವನ ಎಂದು ಕರೆದು, ಪಠ್ಯಪುಸ್ತಕದಲ್ಲಿ ಪರಸ್ಪರ ಲಾಭ ಎಂದು ಅಡಿಗೆರೆ ಎಳೆಸಿ, ಆ ಮಾತಿಗೆ ವಿಭೂತಿ ಹಚ್ಚಿಬಿಟ್ಟೆವು. ಒಟ್ಟಿಗೆ ಇರುವುದೇ ಒಂದು ಪುಣ್ಯ ಎನ್ನುವ ಹಾಗೆ. ಡಿ ಬಾರಿ ಅಷ್ಟು ಸುಲಭವಾಗಿ ಯಾರಿಗೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ.

ಒಳಗಿನವರ ಮಾತು ಬಂದರೆ ದೋಷವೊಂದೇ ಅಲ್ಲ, ಗುಣವೂ ಯಾರದೆಂದು ಹೇಳುವುದು ಕಷ್ಟ. ಬೆಳಗಿನ ಹೊತ್ತು ಬೇಲಿಯ ಮೇಲೆ ಅರಳುವ ಮಾರ್ನಿಂಗ್ ಗ್ಲೋರಿ ಬಳ್ಳಿಯನ್ನು ನೀವು ನೋಡಿರುತ್ತೀರಿ. ಆ ಕುಟುಂಬದ ಕೆಲವು ಬಳ್ಳಿಗಳ ಬೀಜವನ್ನು ಮೆಕ್ಸಿಕೋದ ಮೂಲನಿವಾಸಿಗಳು ತಮ್ಮ ಪೂಜೆಗಳಲ್ಲಿ ಬಳಸುತ್ತಿದ್ದರು. ತಿಂದರೆ ಮನಸ್ಸು ಬೇರೆ ಲೋಕಕ್ಕೆ ಹೋಗುತ್ತದೆ. 1960ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ ಆ ಬೀಜದಲ್ಲಿ ಎರ್ಗಟ್ ಜಾತಿಯ ರಾಸಾಯನಿಕಗಳಿವೆ ಎಂದಾಗ ಬಹಳ ಜನ ನಂಬಲಿಲ್ಲ. ಎರ್ಗಟ್ ಎಂದರೆ ತೆನೆಗೆ ಹತ್ತುವ ಶಿಲೀಂಧ್ರ. ಹೂಬಿಡುವ ಬಳ್ಳಿಗೆ ಅದರ ವಿಷ ಎಲ್ಲಿಂದ ಬರಬೇಕು? ಪ್ರಯೋಗಶಾಲೆಯಲ್ಲಿ ಏನೋ ಬೆರಕೆಯಾಗಿದೆ ಎಂದರು. ಬೆರಕೆ ಆಗಿರಲಿಲ್ಲ. ಆಮೇಲೆ ದಶಕಗಳ ಕಾಲ, ಹಾಗಾದರೆ ಬಳ್ಳಿಯೇ ಅದನ್ನು ತಯಾರಿಸುತ್ತದೆ ಎಂದು ಬರೆದುಕೊಂಡು ಬಂದರು. ಜರ್ಮನಿಯ ವಿಜ್ಞಾನಿಗಳು ಆ ಜಾತಿಯ ಒಂದು ಬಳ್ಳಿಗೆ ಶಿಲೀಂಧ್ರನಾಶಕ ಕೊಟ್ಟು ನೋಡಿದರು. ಶಿಲೀಂಧ್ರದ ಜೊತೆಗೆ ಬಳ್ಳಿಯ ‘ಗುಣ’ವೂ ಹೋಯಿತು! ಎಲೆಯ ಮೇಲ್ಮೈಯ ಗ್ರಂಥಿಗಳ ಸುತ್ತ ಅಂಟಿಕೊಂಡು, ಬೀಜದೊಂದಿಗೇ ತಲೆಮಾರಿನಿಂದ ತಲೆಮಾರಿಗೆ ಸಾಗುವ ಆ ಶಿಲೀಂಧ್ರಕ್ಕೆ 2011ರಲ್ಲಿ ಪೆರಿಗ್ಲಾಂಡ್ಯುಲ ಎಂದು ಹೆಸರಾಯಿತು. ಹಾಫ್‌ಮನ್ ಹೇಳಿದ್ದ ನೀಲಿ ಹೂವಿನ ಬಳ್ಳಿಯೊಳಗಿನದು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೊರಿನ್ ಹೇಝಲ್ ಎಂಬ ವಿದ್ಯಾರ್ಥಿನಿ ಬೀಜದ ಸಿಪ್ಪೆಯ ಮೇಲೆ ಸ್ವಲ್ಪ ನವಿರು ಇರುವುದನ್ನು ಗಮನಿಸಿ ಹಿಡಿದಳು. 2025ರಲ್ಲಿ ಅದು ಪ್ರಕಟವಾಯಿತು. ಅದಕ್ಕೆ ಇಟ್ಟ ಹೆಸರಿನ ಅರ್ಥವೂ ‘ಅಡಗಿದ್ದದ್ದು’ ಎಂದೇ. ಅಷ್ಟು ಹಿರಿಯರು ಕೈಯಲ್ಲಿ ಹಿಡಿದ ಬೀಜವನ್ನು ಒಬ್ಬಳು ವಿದ್ಯಾರ್ಥಿನಿ ಸರಿಯಾಗಿ ನೋಡಿದಳು ಎನ್ನುವುದು ಮೇಷ್ಟರ ಜಾತಿಯವರಾದ ನಮಗೆ ಸಂತೋಷದ ಸಂಗತಿ. ರ‍್ಯಾಂಕ್ ಬಂದ ಮಕ್ಕಳ ಫೋಟೋ ಹಾಕಿ ‘ನಮ್ಮ ಶಾಲೆಯ ಹೆಮ್ಮೆ’ ಎಂದು ಗೇಟಿಗೆ ಬ್ಯಾನರ್ ಕಟ್ಟುವಾಗಲೆಲ್ಲ ನನಗೆ ಈ ಬಳ್ಳಿಯ ನೆನಪಾಗುತ್ತದೆ.

ಇನ್ನು ದೋಷದ ಮಾತು. 1993ರಲ್ಲಿ ಫ್ರೀಮನ್ ಮತ್ತು ರೊಡ್ರಿಗಸ್ ಎಂಬಿಬ್ಬರು ಕೊಲೆಟೋಟ್ರೈಕಮ್ ಕುಲದ, ಸೌತೆ ಕಲ್ಲಂಗಡಿ ಜಾತಿಗೆ ರೋಗ ತರುವ ಒಂದು ಶಿಲೀಂಧ್ರವನ್ನು ತೆಗೆದುಕೊಂಡರು. ಅದರ ಒಂದೇ ಒಂದು ಜೀನು ಕೆಟ್ಟುಹೋದ ತಳಿ, ಅದೇ ಗಿಡದೊಳಗೆ ರೋಗ ತರದೆ ಬೆಳೆಯಿತು. ಬೆಳೆದದ್ದಷ್ಟೇ ಅಲ್ಲ, ರೋಗ ತರುವ ತನ್ನ ದಾಯಾದಿಗಳಿಂದ ಗಿಡವನ್ನು ಕಾಯಿತು. 2001ರಲ್ಲಿ ರೊಡ್ರಿಗಸ್ ಮತ್ತು ಸಂಗಡಿಗರು ಇನ್ನೂ ವಿಚಿತ್ರವಾದದ್ದನ್ನು ತೋರಿಸಿದರು: ಏನೂ ಬದಲಾಯಿಸದ ಮೂಲ ಶಿಲೀಂಧ್ರವೇ, ಒಂದು ಗಿಡದಲ್ಲಿ ರೋಗವಾದದ್ದು, ಟೊಮೇಟೊದಂಥ ಇನ್ನೊಂದು ಗಿಡದಲ್ಲಿ ಉಪಕಾರಿಯಾಗಿ ಬಾಳಬಲ್ಲದು. ಫಲಿತಾಂಶವನ್ನು ನಿರ್ಧರಿಸುವವರು ಯಾರು, ಬಂದವನೋ, ಮನೆಯವನೋ ಎಂಬುದೇ ಅವರ ಪ್ರಶ್ನೆಯಾಗಿತ್ತು.

ನನ್ನ ನಿದ್ದೆ ಕೆಡಿಸಿದ್ದು ಇದೇ ಪ್ರಶ್ನೆ. ಆಗ ನಾನು ಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ವರ್ಗಾವಣೆ ಪತ್ರದಲ್ಲಿ, ಎಂದರೆ ಟಿ.ಸಿ.ಯಲ್ಲಿ, ‘ನಡತೆ’ ಎಂಬ ಒಂದು ಕಾಲಂ ಇರುತ್ತದೆ. ಅದರಲ್ಲಿ ಉತ್ತಮ ಅಥವಾ ತೃಪ್ತಿಕರ ಎಂದು ಬರೆದು ಸಹಿ ಹಾಕುವುದು ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಯಾರೂ ಓದುವುದಿಲ್ಲ. ಪೇಟೆಯ ಒಂದು ಶಾಲೆಯಿಂದ ಒಂಬತ್ತನೇ ತರಗತಿಗೆ ಬಂದ ಒಬ್ಬ ಹುಡುಗನ ಟಿ.ಸಿ.ಯಲ್ಲಿ ಮಾತ್ರ ಅಲ್ಲಿ ‘ತೃಪ್ತಿಕರವಲ್ಲ’ ಎಂದಿತ್ತು. ಹದಿನಾಲ್ಕು ವರ್ಷದ ಹುಡುಗನ ಬಗ್ಗೆ, ಗುಂಡಗಿನ ಅಕ್ಷರದಲ್ಲಿ, ಸೀಲು ಒತ್ತಿ. ನಮ್ಮಲ್ಲಿ ಏಳು ತಿಂಗಳು ಅವನ ಬಗ್ಗೆ ಒಂದು ದೂರೂ ಬರಲಿಲ್ಲ. ಬಿಸಿಯೂಟದ ದೊಡ್ಡ ಪಾತ್ರೆ ಎತ್ತುವುದಕ್ಕೆ ಅವನೇ ಮುಂದಾಗುತ್ತಿದ್ದ, ಅಡಿಗೆಯವರಿಗೆ ಅವನೆಂದರೆ ಪ್ರೀತಿ. ಎಂಟನೇ ತಿಂಗಳು ನಲ್ಲಿಯ ಹತ್ತಿರ ಏಳನೇ ತರಗತಿಯ ಒಬ್ಬ ಹುಡುಗನಿಗೆ ಹೊಡೆದ. ಚಿಕ್ಕವನ ಮುಂದಿನ ಹಲ್ಲು ಮುರಿಯಿತು. ಕಾರಣ ವಿಚಾರಿಸಿದೆ, ಎರಡು ಕಡೆಯಿಂದ ಎರಡು ಕಾರಣ ಬಂದವು. ಯಾವುದೂ ಹಲ್ಲಿಗೆ ಸಮನಾದ ಕಾರಣವಾಗಿರಲಿಲ್ಲ.

ಎಸ್.ಡಿ.ಎಂ.ಸಿ. ಸಭೆಯಲ್ಲಿ, ಟಿ.ಸಿ. ಕೊಟ್ಟು ಕಳಿಸಿ ಎಂದರು. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ತರಗತಿಯವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎನ್ನುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಆ ಕೊಡೆ ಮಡಚಿಕೊಳ್ಳುತ್ತದೆ. ಹಾಗಾಗಿ ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ಹುಡುಗನ ಪರವಾಗಿ ಮಾತಾಡಿದೆ. ಏಳು ತಿಂಗಳ ಮಾತು ಹೇಳಿದೆ. ಹೊಸ ಶಾಲೆ, ಹೊಸ ವಾತಾವರಣ, ಇನ್ನೂ ಸ್ವಲ್ಪ ಕಾಲ ಎಂದೆಲ್ಲ. ಏಟು ತಿಂದ ಹುಡುಗನ ತಾಯಿ ಬಾಗಿಲ ಹತ್ತಿರ ನಿಂತಿದ್ದವರು, ದನಿಯೇರಿಸದೆ ಕೇಳಿದರು: “ನಿಮ್ಮ ಒಳ್ಳೇತನಕ್ಕೆ ನನ್ನ ಮಗನ ಹಲ್ಲೇ ಆಗಬೇಕಿತ್ತಾ ಅಕ್ಕೋರೆ?”

ಸಭೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಸೊಸೆಯ ತಟ್ಟೆಗಳಲ್ಲೂ ಇದಕ್ಕೆ ಉತ್ತರವಿಲ್ಲ. ಆದರೆ ಇದೇ ಪ್ರಶ್ನೆಯನ್ನು ಕೋಕೋ ಎಲೆಗಳ ಮೇಲೆ ಇಟ್ಟು ನೋಡಿದವರಿದ್ದಾರೆ. 2003ರಲ್ಲಿ ಎಲಿಜಬೆತ್ ಆರ್ನಾಲ್ಡ್ ಮತ್ತು ಸಂಗಡಿಗರು ಪನಾಮಾದಲ್ಲಿ, ಒಳಗೆ ಶಿಲೀಂಧ್ರಗಳಿರುವ ಎಲೆಗೂ ಇಲ್ಲದ ಎಲೆಗೂ ಫೈಟಾಫ್ತೊರ ರೋಗ ಹತ್ತಿಸಿ ನೋಡಿದರು. ನೆಂಟರಿಲ್ಲದ ಖಾಲಿ ಎಲೆಗಳೇ ಹೆಚ್ಚು ಸತ್ತವು. ಇಲ್ಲಿಗೇ ನಿಲ್ಲಿಸಿದ್ದರೆ ಭಾಷಣಕ್ಕೆ ಎಷ್ಟು ಒಳ್ಳೆಯ ಉದಾಹರಣೆ! ಆದರೆ ಆರ್ನಾಲ್ಡ್ ಅಲ್ಲಿಗೆ ನಿಲ್ಲಿಸಲಿಲ್ಲ. 2007ರಲ್ಲಿ ಬೆಟಿನಾ ಎಂಗೆಲ್‌ಬ್ರೆಕ್ಟ್ ಜೊತೆ ಸೇರಿ ಅದೇ ಕೋಕೋ ಸಸಿಗಳಲ್ಲಿ ಇನ್ನೊಂದನ್ನು ಅಳೆದರು. ಪತ್ರರಂಧ್ರ ಮುಚ್ಚಿಕೊಂಡ ಮೇಲೂ ಎಲೆಯಿಂದ ನೀರು ಸ್ವಲ್ಪ ಸೋರುತ್ತಲೇ ಇರುತ್ತದೆ. ಒಳಗೆ ಶಿಲೀಂಧ್ರವಿರುವ ಎಲೆಗಳಲ್ಲಿ ಆ ಸೋರಿಕೆ ಹೆಚ್ಚುಕಡಿಮೆ ಎರಡರಷ್ಟು. ಅಂದರೆ ಕೊಳೆಯ ಕಾಲದಲ್ಲಿ ಕಾಯುವ ನೆಂಟರೇ ಬರದ ಕಾಲದಲ್ಲಿ ಭಾರ. ಮನೆಗೆ ಸೇರಿಸಿಕೊಂಡದ್ದಕ್ಕೆ ಎಲೆ ನೀರಿನಲ್ಲಿ ಬೆಲೆ ಕೊಡುತ್ತದೆ. ಆ ತಾಯಿ ಕೇಳಿದ್ದು ಆ ನೀರಿನ ಲೆಕ್ಕವನ್ನು. ಉದಾರವಾಗಿ ಮಾತಾಡುತ್ತಿದ್ದವಳು ನಾನು. ಬೆಲೆ ತೆತ್ತದ್ದು ಬೇರೆಯವರ ಮಗ.

ಪ್ರಕೃತಿಯಿಂದ ಪಾಠ ಕಲಿಯಬೇಕು ಎನ್ನುವವರ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ಅನುಮಾನ. ತಮಗೆ ಬೇಕಾದ ಪಾಠವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಕಾಡಿಗೆ ಹೋಗುತ್ತಾರೆ. ಶಿಲೀಂಧ್ರಕ್ಕೆ ನಾಚಿಕೆಯಿಲ್ಲ. ಮಾವಿನ ಕಪ್ಪು ಚುಕ್ಕೆ ಪಶ್ಚಾತ್ತಾಪ ಪಡುವುದಿಲ್ಲ. ಹೊಡೆದ ಹುಡುಗ ಮಾತ್ರ ಎರಡು ದಿನ ಊಟದ ಸಾಲಿಗೆ ಬಂದಿರಲಿಲ್ಲ. ಪರಿಸರವೇ ಎಲ್ಲವನ್ನೂ ಮಾಡಿಸುತ್ತದೆ ಎಂದು ಅವನಿಗೆ ಹೇಳಿಬಿಟ್ಟರೆ ಆ ಎರಡು ದಿನದ ಉಪವಾಸಕ್ಕೂ ಅರ್ಥವಿಲ್ಲದಂತಾಗುತ್ತದೆ. ಅವನಿಗೆ ನಾನು ಹಾಗೆ ಹೇಳಲಿಲ್ಲ. ಹೊಡೆದದ್ದು ನೀನು ಎಂದೇ ಹೇಳಿದೆ.

ನನ್ನ ತಮ್ಮನನ್ನು ಕೇಳಿದರೆ ಅವನದು ಇನ್ನೂ ನೇರ. ಸೊರಗಿದ ಮೆಣಸಿನ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಡುತ್ತಾನೆ. ಪಕ್ಕದ ಹತ್ತು ಬಳ್ಳಿಗಳನ್ನು ನೋಡಬೇಕಾದವನಿಗೆ ಬೇರೆ ದಾರಿಯಿಲ್ಲ, ಅದನ್ನು ಕ್ರೌರ್ಯ ಎನ್ನಲಾರೆ. ಆದರೆ ಅವನೂ ಮಳೆಗಾಲಕ್ಕೆ ಮುಂಚೆ ಮಾಡುವ ಮೊದಲ ಕೆಲಸ ಬಸಿಗಾಲುವೆ ಬಿಡಿಸುವುದು. ನೀರು ನಿಂತ ಬುಡದಲ್ಲೇ ಸೊರಗು ಹಬ್ಬುವುದು. ಆಮೇಲೆ ಬೇವಿನ ಹಿಂಡಿಯ ಜೊತೆ ಟ್ರೈಕೋಡರ್ಮ ಬೆರೆಸಿ ಬುಡಕ್ಕೆ ಹಾಕುತ್ತಾನೆ. ಅದೂ ಒಂದು ಶಿಲೀಂಧ್ರವೇ. ಮೈಲುತುತ್ತ, ಸುಣ್ಣ ಅದರ ನಂತರ. ಕೀಳುವುದು ಕೊನೆಯದು. ಕಾಲುವೆ ಬಿಡಿಸದೆ ಬಳ್ಳಿ ಕಿತ್ತವನನ್ನು ನಮ್ಮೂರಲ್ಲಿ ಯಾರೂ ಒಳ್ಳೆಯ ಕೃಷಿಕ ಎನ್ನುವುದಿಲ್ಲ.

ನಡತೆಯ ಕಾಲಂ ಬಗ್ಗೆ ನನಗಿರುವ ತಕರಾರು ಇದೇ. ಅದು ಬಂದವನ ನಡತೆಯನ್ನು ಕೇಳುತ್ತದೆ, ಇಟ್ಟುಕೊಂಡವರ ನಡತೆಗೆ ಅಲ್ಲಿ ಜಾಗವಿಲ್ಲ. ಏಳು ತಿಂಗಳು ಸುಮ್ಮನಿದ್ದ ಹುಡುಗ ಎಂಟನೆಯ ತಿಂಗಳಲ್ಲಿ ಹೊಡೆದ ಎಂದರೆ ಆ ಎಂಟನೇ ತಿಂಗಳಲ್ಲಿ ನಲ್ಲಿಯ ಹತ್ತಿರ ಏಕೆ ಒಬ್ಬ ಶಿಕ್ಷಕರೂ ಇರಲಿಲ್ಲ ಎಂಬುದನ್ನು ಬರೆಯಲು ಯಾವ ಫಾರಂನಲ್ಲೂ ಗೆರೆ ಹಾಕಿಲ್ಲ. ನಲ್ಲಿಗಳು ಎರಡೇ, ಮಕ್ಕಳು ಇನ್ನೂರು ಹತ್ತು. ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಇವನ್ನು ಹೇಳಿದರೆ ನೆಪ ಎನ್ನುತ್ತಾರೆ. ಹುಡುಗನ ಸ್ವಭಾವ ಎಂದರೆ ಎಲ್ಲರಿಗೂ ಒಪ್ಪಿಗೆ.

ಟಿ.ಸಿ. ಕೊಡಲಿಲ್ಲ. ಊಟದ ಹೊತ್ತಿಗೆ ನಲ್ಲಿಯ ಹತ್ತಿರ ನಾವು ಸರದಿಯ ಮೇಲೆ ನಿಂತೆವು, ಮೊದಲ ತಿಂಗಳು ನಾನೇ. ಹಲ್ಲಿನ ಖರ್ಚನ್ನು ಶಿಕ್ಷಕರು ನಾಲ್ಕು ಜನ ಹಂಚಿಕೊಂಡೆವು. ಹುಡುಗನ ತಂದೆಯೂ ರಜೆಯ ಕೂಲಿಯಿಂದ ಸ್ವಲ್ಪ ತಂದುಕೊಟ್ಟರು. ಅಷ್ಟಕ್ಕೆ ಲೆಕ್ಕ ಚುಕ್ತವಾಯಿತೆಂದು ನಾನು ತಿಳಿದಿಲ್ಲ. ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವಾಗ ಆ ಕಾಲಂನಲ್ಲಿ ‘ತೃಪ್ತಿಕರ’ ಎಂದು ಬರೆದು ಸಹಿ ಹಾಕಿದೆ. ಈಗ ಮೋಟಾರು ರಿಪೇರಿ ಕಲಿಯುತ್ತಿದ್ದಾನಂತೆ. ಚಿಕ್ಕವನಿಗೆ ಕಟ್ಟಿಸಿದ ಹಲ್ಲು ಬೇರೆ ಹಲ್ಲುಗಳಿಗಿಂತ ಒಂದು ಚೂರು ಬಿಳಿ, ನಕ್ಕಾಗ ಗೊತ್ತಾಗುತ್ತದೆ. ಅವನ ತಾಯಿ ನಾನಿರುವ ಬಸ್ಸು ಹತ್ತಿದರೆ, ನನ್ನ ಪಕ್ಕ ಜಾಗವಿದ್ದರೂ ಹಿಂದೆ ಹೋಗಿ ನಿಲ್ಲುತ್ತಾರೆ. ನಾನು ಪ್ರತಿ ಸಲವೂ ಸ್ವಲ್ಪ ಸರಿದು ಕೂರುತ್ತೇನೆ.